ಎಲ್ಲ ಕೋಶಗಳೂ ಕೋಶದಿಂದಲೇ: ಆ ಮಾತು ಯಾರದು?

ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರ ಓದಿದವರಿಗೆಲ್ಲ ಮೂರು ಜರ್ಮನ್ ಹೆಸರುಗಳು ಬಾಯಿಪಾಠ. 1838ರಲ್ಲಿ ಶ್ಲೈಡನ್, ಸಸ್ಯಗಳೆಲ್ಲ ಜೀವಕೋಶಗಳಿಂದ ಆಗಿವೆ ಎಂದ. 1839ರಲ್ಲಿ ಶ್ವಾನ್, ಪ್ರಾಣಿಗಳೂ ಹಾಗೆಯೇ ಎಂದ. 1855ರಲ್ಲಿ ವಿರ್ಶೋ, ಹೊಸ ಕೋಶಗಳು ಹುಟ್ಟುವುದು ಮೊದಲೇ ಇದ್ದ ಕೋಶಗಳಿಂದ ಮಾತ್ರ ಎಂದ. ಇಲ್ಲಿಗೆ ಕೋಶ ಸಿದ್ಧಾಂತ ಪೂರ್ಣವಾಯಿತು. ನಮ್ಮ ಪಠ್ಯಪುಸ್ತಕ ಇದನ್ನು ಒಂದೇ ಪ್ಯಾರಾದಲ್ಲಿ ಮುಗಿಸುತ್ತದೆ. ಮೂವರು ಮೇಸ್ತ್ರಿಗಳು ಒಬ್ಬರ ನಂತರ ಒಬ್ಬರು ಬಂದು ಒಂದೊಂದು ವರಸೆ ಇಟ್ಟಿಗೆ ಇಟ್ಟು ಗೋಡೆ ಎಬ್ಬಿಸಿದ ಹಾಗೆ ಕಾಣುತ್ತದೆ.

ವಿಜ್ಞಾನದ ಇತಿಹಾಸ ಓದುವ ಚಟ ಹತ್ತಿದ ಮೇಲೆ ನನಗೆ ಈ ಗೋಡೆಯಲ್ಲಿ ಎರಡು ಬಿರುಕುಗಳು ಕಾಣತೊಡಗಿದವು. ಮೊದಲನೆಯದು, ಶ್ಲೈಡನ್ ಮತ್ತು ಶ್ವಾನ್ ಹೇಳಿದ ಸಿದ್ಧಾಂತದ ಅರ್ಧಭಾಗವನ್ನು ಪಠ್ಯಪುಸ್ತಕ ಮುಚ್ಚಿಡುತ್ತದೆ. ಕೋಶಗಳು ಹೇಗೆ ಹುಟ್ಟುತ್ತವೆ ಎಂಬ ಪ್ರಶ್ನೆಗೆ ಅವರಿಬ್ಬರ ಉತ್ತರ ಪೂರ್ತಿ ತಪ್ಪಾಗಿತ್ತು. ಎರಡನೆಯದು, ಆ ತಪ್ಪನ್ನು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಒಡೆದವನ ಹೆಸರು ಆ ಪ್ಯಾರಾದಲ್ಲಿ ಇಲ್ಲವೇ ಇಲ್ಲ. ಅವನ ಹೆಸರು ರಾಬರ್ಟ್ ರೇಮಾಕ್.

ರೇಮಾಕ್‌ನ ಕಥೆಗೆ ಹೋಗುವ ಮೊದಲು ಆ ತಪ್ಪು ಏನೆಂದು ನೋಡಬೇಕು. ಅದು ದಡ್ಡರ ತಪ್ಪಾಗಿರಲಿಲ್ಲ. ಆ ಕಾಲದ ಅತ್ಯಂತ ಆಧುನಿಕ ಮನಸ್ಸುಗಳು ಮಾಡಿದ ತಪ್ಪು ಅದು.

'ಸೆಲ್' ಎಂಬ ಹೆಸರು ಬಂದದ್ದು 1665ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್‌ನಿಂದ. ಬೆಂಡಿನ ತೆಳುವಾದ ಚೂರನ್ನು ಮಸೂರದ ಕೆಳಗಿಟ್ಟು ನೋಡಿದಾಗ ಅವನಿಗೆ ಸಣ್ಣ ಸಣ್ಣ ಕೋಣೆಗಳು ಕಂಡವು. ಅವು ಸತ್ತ ಕೋಶಗಳ ಖಾಲಿ ಗೋಡೆಗಳು. ಇಂಗ್ಲಿಷ್ ಪದದಲ್ಲಿ ಇಂದಿಗೂ ಆ ಖಾಲಿತನ ಉಳಿದುಕೊಂಡಿದೆ. ಕನ್ನಡದ 'ಕೋಶ' ಮಾತ್ರ ಬೇರೆ ಜಾತಿಯದು. ರಾಜನ ಖಜಾನೆಯೂ ಕೋಶವೇ, ಪದಗಳನ್ನು ತುಂಬಿಟ್ಟ ನಿಘಂಟೂ ಕೋಶವೇ. ಒಳಗೆ ಏನೋ ಇದೆ ಎಂಬ ಧ್ವನಿ ಅದರಲ್ಲಿದೆ. ಒಳಗೇನಿದೆ ಎಂಬ ಪ್ರಶ್ನೆಗೆ ಯುರೋಪು ಗಂಭೀರವಾಗಿ ಕೈಹಾಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮಸೂರಗಳು ಸುಧಾರಿಸಿದ ಮೇಲೆ. 1831ರಲ್ಲಿ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್, ಆರ್ಕಿಡ್ ಗಿಡದ ಕೋಶಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ಗುಂಡನೆಯ ಚುಕ್ಕೆಗೆ 'ನ್ಯೂಕ್ಲಿಯಸ್' ಎಂದು ಹೆಸರಿಟ್ಟ. ನಾವು ಕೋಶಕೇಂದ್ರ ಎನ್ನುವುದು ಅದನ್ನೇ.

ಮಥಿಯಾಸ್ ಶ್ಲೈಡನ್ ಈ ಚುಕ್ಕೆಯ ಹಿಂದೆ ಬಿದ್ದ. ಆತ ಮೂಲತಃ ವಕೀಲ. ವಕೀಲಿಕೆಯಲ್ಲಿ ನೆಲೆ ಕಾಣದೆ ತಲೆಗೆ ಗುಂಡು ಹಾರಿಸಿಕೊಂಡು, ಬದುಕುಳಿದು, ಆಮೇಲೆ ಸಸ್ಯಶಾಸ್ತ್ರಕ್ಕೆ ಬಂದವನು. ಹೊಸ ಕೋಶಗಳ ಹುಟ್ಟಿಗೆ ಈ ಕೇಂದ್ರವೇ ಮೂಲ ಎಂದು ಅವನು ನಂಬಿದ. ಬರ್ಲಿನ್ನಿನಲ್ಲಿ ಒಂದು ದಿನ ಊಟ ಮಾಡುತ್ತ ಇದನ್ನು ಗೆಳೆಯ ಥಿಯೊಡೋರ್ ಶ್ವಾನ್‌ಗೆ ಹೇಳಿದನಂತೆ. ಇಂಥದ್ದೇ ಚುಕ್ಕೆಗಳನ್ನು ತಾನು ಪ್ರಾಣಿಗಳ ಭ್ರೂಣದಲ್ಲಿ ಕಂಡಿದ್ದೇನಲ್ಲ ಎಂದು ಶ್ವಾನ್‌ಗೆ ಹೊಳೆಯಿತು. ಇಬ್ಬರೂ ಊಟದಿಂದೆದ್ದು ನೇರವಾಗಿ ಸೂಕ್ಷ್ಮದರ್ಶಕದ ಬಳಿಗೆ ಹೋದರು. ಇದನ್ನು ಶ್ವಾನ್ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾನೆ. ಸಸ್ಯ ಮತ್ತು ಪ್ರಾಣಿ ಎರಡೂ ಒಂದೇ ಬಗೆಯ ಕೋಶಗಳಿಂದ ಆಗಿವೆ ಎಂಬ ದೊಡ್ಡ ಮಾತು ಹುಟ್ಟಿದ್ದು ಹೀಗೆ.

ಆದರೆ ಕೋಶ ಹುಟ್ಟುವ ಬಗೆ? ಅವರ ಪ್ರಕಾರ ಅದು ಹರಳುಗಟ್ಟುವ ಕ್ರಿಯೆ. ಕೋಶಗಳ ಒಳಗೋ ಕೋಶಗಳ ನಡುವೆಯೋ ಒಂದು ಆಕಾರವಿಲ್ಲದ ದ್ರವ ಇರುತ್ತದೆ. ಶ್ವಾನ್ ಅದನ್ನು 'ಸೈಟೊಬ್ಲಾಸ್ಟೆಮಾ' ಎಂದು ಕರೆದ. ಅದರಲ್ಲಿ ಮೊದಲು ಒಂದು ಕಣ ಗಟ್ಟಿಯಾಗುತ್ತದೆ, ಅದರ ಸುತ್ತ ಕೋಶಕೇಂದ್ರ ಕಟ್ಟಿಕೊಳ್ಳುತ್ತದೆ, ಅದರ ಸುತ್ತ ಕೋಶ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಅದರ ಸುತ್ತ ಕಲ್ಲುಸಕ್ಕರೆ ಕಟ್ಟಿಕೊಳ್ಳುತ್ತದಲ್ಲ, ಹಾಗೆ. ಕೋಶಕ್ಕೆ ತಾಯಿಕೋಶ ಬೇಕಿಲ್ಲ, ಸರಿಯಾದ ಪಾಕ ಇದ್ದರೆ ಸಾಕು.

ಇದು ಯಾಕೆ ಅಷ್ಟು ಆಕರ್ಷಕವಾಗಿತ್ತು ಎಂಬುದನ್ನು ಅರ್ಥಮಾಡಿಕೊಳ್ಳದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಆಗಿನ ಜೀವಶಾಸ್ತ್ರದಲ್ಲಿ 'ಪ್ರಾಣಶಕ್ತಿ' ಎಂಬ ಮಾತು ಜೋರಾಗಿತ್ತು. ಜೀವಿಗಳಲ್ಲಿ ಭೌತಶಾಸ್ತ್ರಕ್ಕೆ ನಿಲುಕದ ಒಂದು ವಿಶೇಷ ಬಲವಿದೆ ಎಂಬ ನಂಬಿಕೆ ಅದು. ಶ್ವಾನ್‌ಗೆ ಅದು ಬೇಡವಾಗಿತ್ತು. ವೈಯಕ್ತಿಕವಾಗಿ ಆತ ಶ್ರದ್ಧಾವಂತ ಕ್ಯಾಥೊಲಿಕ್. ಆದರೂ ಪ್ರಯೋಗಾಲಯದೊಳಗೆ ಹರಳಿಗೆ ಯಾವ ನಿಯಮವೋ ಕೋಶಕ್ಕೂ ಅದೇ ನಿಯಮ ಇರಬೇಕು ಎಂದು ಬಯಸಿದ. ಕೋಶ ಹರಳಿನಂತೆ ಹುಟ್ಟುವುದಾದರೆ ಜೀವದ ಗುಟ್ಟು ರಸಾಯನಶಾಸ್ತ್ರದ ಕೈಗೆ ಬಂದ ಹಾಗೆಯೇ. ತಪ್ಪು ಸಿದ್ಧಾಂತವೇ ಹೆಚ್ಚು ವೈಜ್ಞಾನಿಕವಾಗಿ ಕಾಣುತ್ತಿದ್ದ ವಿಚಿತ್ರ ಗಳಿಗೆ ಅದು. ಕೋಶದಿಂದಲೇ ಕೋಶ ಎನ್ನುವವನು 'ಹಾಗಾದರೆ ಮೊದಲ ಕೋಶ ಎಲ್ಲಿಂದ ಬಂತು' ಎಂಬ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಳ್ಳಬೇಕಿತ್ತು. ಹರಳಿನ ಪಕ್ಷದವರಿಗೆ ಆ ತಲೆನೋವಿಲ್ಲ.

ನಮ್ಮಲ್ಲಿ ಜೀವಿಗಳನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸುವ ಹಳೆಯ ಪದ್ಧತಿಯಿದೆ. ಮೊಟ್ಟೆಯಿಂದ, ಗರ್ಭದಿಂದ, ಬೆವರಿನಿಂದ, ನೆಲ ಸೀಳಿಕೊಂಡು. ಬೆವರಿನಿಂದ ಹೇನು ಹುಟ್ಟುತ್ತದೆ ಎಂಬ ಆ ಮೂರನೆಯ ವರ್ಗದಂಥ ನಂಬಿಕೆ ಅರಿಸ್ಟಾಟಲ್‌ನಿಂದ ಹಿಡಿದು ಎಲ್ಲ ಕಡೆಯೂ ಇತ್ತು. ಅಕ್ಕಿಯಲ್ಲಿ ಹುಳ ತಾನಾಗಿಯೇ ಆಗುತ್ತದೆ ಎಂದು ಇಂದಿಗೂ ಹೇಳುವವರಿದ್ದಾರೆ. ಶ್ವಾನ್‌ನ ಸಿದ್ಧಾಂತವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ದೇಹದ ಪ್ರತಿಯೊಂದು ಕೋಶವೂ ಸ್ವೇದಜ.

ಕೋಶ ಒಡೆದು ಎರಡಾಗುವುದನ್ನು ಯಾರೂ ನೋಡಿರಲಿಲ್ಲವೆಂದಲ್ಲ. ಬೆಲ್ಜಿಯಂನ ಡ್ಯುಮೊರ್ಟಿಯೆ 1832ರಲ್ಲಿ, ಜರ್ಮನಿಯ ಹ್ಯೂಗೊ ಫಾನ್ ಮೋಲ್ 1835ರಲ್ಲಿ ಪಾಚಿಯ ಎಳೆಗಳಲ್ಲಿ ನಡುವೆ ಗೋಡೆ ಬೆಳೆದು ಒಂದು ಕೋಶ ಎರಡಾಗುವುದನ್ನು ಬರೆದಿಟ್ಟಿದ್ದರು. ಆದರೆ ಅದು ಪಾಚಿಯ ವಿಷಯ, ಕೆಲವು ಕಡೆ ಹಾಗೂ ಆಗಬಹುದು ಎಂದು ಉಳಿದವರು ತಳ್ಳಿಹಾಕಿದರು. ಪ್ರಾಣಿಗಳ ವಿಷಯದಲ್ಲಿ ಶ್ವಾನ್‌ನ ಮಾತೇ ವೇದವಾಗಿತ್ತು.

ರಾಬರ್ಟ್ ರೇಮಾಕ್ ಹುಟ್ಟಿದ್ದು 1815ರಲ್ಲಿ, ಪೋಸೆನ್‌ನಲ್ಲಿ. ಇಂದು ಅದು ಪೋಲೆಂಡಿನ ಪೊಜ್ನಾನ್, ಆಗ ಪ್ರಷ್ಯದ ಆಳ್ವಿಕೆಯಲ್ಲಿತ್ತು. ಯಹೂದಿ ಮನೆತನ. ವೈದ್ಯಶಾಸ್ತ್ರ ಓದಲು ಬರ್ಲಿನ್ನಿಗೆ ಬಂದು ಯೊಹಾನೆಸ್ ಮ್ಯುಲರ್‌ನ ಶಿಷ್ಯನಾದ. ಶ್ವಾನ್ ಕೂಡ ಅದೇ ಮ್ಯುಲರ್‌ನ ಶಿಷ್ಯ, ನಂತರ ಹೆಸರು ಮಾಡಿದ ವಿರ್ಶೋ ಕೂಡ. ಈ ಕಥೆಯ ಮುಖ್ಯ ಪಾತ್ರಗಳೆಲ್ಲ ಒಂದೇ ಗುರುಕುಲದವರು.

1838ರಲ್ಲಿ ರೇಮಾಕ್ ನರಗಳ ಸೂಕ್ಷ್ಮರಚನೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ. ಕೊಬ್ಬಿನ ಹೊದಿಕೆಯಿಲ್ಲದ ತೆಳ್ಳನೆಯ ನರತಂತುಗಳನ್ನು ಗುರುತಿಸಿದ್ದು ಅವನೇ. ಅವುಗಳಿಗೆ ಈಗಲೂ ರೇಮಾಕ್ ತಂತುಗಳು ಎನ್ನುತ್ತಾರೆ. ಇಂಥ ವಿದ್ಯಾರ್ಥಿ ಮುಂದೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಬೇಕು, ಪ್ರೊಫೆಸರ್ ಆಗಬೇಕು. ಅಲ್ಲಿ ಕಾನೂನು ಅಡ್ಡ ಬಂತು. 1812ರ ರಾಜಾಜ್ಞೆಯೊಂದು ಪ್ರಷ್ಯದ ಯಹೂದಿಗಳಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಹುದ್ದೆ ಹಿಡಿಯುವ ಹಕ್ಕು ಕೊಟ್ಟಿತ್ತು. 1822ರಲ್ಲಿ ಅದನ್ನು ಕಿತ್ತುಕೊಳ್ಳಲಾಯಿತು.

ದಾಟಿಹೋಗಲು ಒಂದು ಬಾಗಿಲು ತೆರೆದೇ ಇತ್ತು: ಕ್ರೈಸ್ತ ದೀಕ್ಷೆ. ಕವಿ ಹೈನ್ 1825ರಲ್ಲಿ ಆ ಬಾಗಿಲಿನಿಂದ ಹೋದ. ಮ್ಯುಲರ್‌ನ ಪ್ರಯೋಗಾಲಯದಲ್ಲೇ ಇದ್ದ ಯಾಕೊಬ್ ಹೆನ್ಲೆಯ ಯಹೂದಿ ಕುಟುಂಬ ಅವನ ಬಾಲ್ಯದಲ್ಲೇ ಮತಾಂತರವಾಗಿತ್ತು, ಅವನು ಪ್ರೊಫೆಸರ್ ಆದ. ಎಷ್ಟೋ ಜನ ಹಾಗೆ ಮಾಡಿದರು, ಅವರನ್ನು ಹಳಿಯುವುದು ನಮಗೆ ಸುಲಭವೂ ಅಲ್ಲ, ಶೋಭೆಯೂ ಅಲ್ಲ. ರೇಮಾಕ್ ಮಾತ್ರ ಒಪ್ಪಲಿಲ್ಲ. ಮ್ಯುಲರ್‌ನ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ಕೆಲಸ ಮಾಡಿಕೊಂಡು, ಹೊಟ್ಟೆಪಾಡಿಗೆ ರೋಗಿಗಳನ್ನು ನೋಡಿಕೊಂಡು ಇದ್ದ.

ಈ ನಡುವೆಯೇ, 1841ರಲ್ಲಿ, ಕೋಳಿಮರಿಯ ಭ್ರೂಣದ ರಕ್ತದಲ್ಲಿ ಅವನು ಒಂದು ದೃಶ್ಯ ಕಂಡ. ಕೆಲವು ರಕ್ತಕೋಶಗಳಲ್ಲಿ ಎರಡೆರಡು ಕೇಂದ್ರಗಳಿದ್ದವು. ಕೆಲವು ಕೋಶಗಳು ನಡುವೆ ಕಿರಿದಾಗಿ, ಸಣ್ಣ ಎಳೆಯಿಂದ ಮಾತ್ರ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ ಕಣ್ಣಿಗೆ ಇದು ಒಂದು ಕೋಶ ಎರಡಾಗುತ್ತಿರುವ ಹೊತ್ತು. ರಕ್ತ ಎಂದರೆ ದ್ರವ. ಹರಳಿನ ಸಿದ್ಧಾಂತ ನಿಜವಾಗಿದ್ದರೆ ಅದು ಎಲ್ಲಕ್ಕಿಂತ ಮೊದಲು ನಿಜವಾಗಬೇಕಿದ್ದ ಜಾಗ ಅದೇ. ಅಲ್ಲೇ ಕೋಶಗಳು ದ್ರವದಿಂದ ಮೂಡದೆ ಒಂದನ್ನೊಂದು ಹಡೆಯುತ್ತಿದ್ದವು.

ಆದರೂ ಅವನು ಆಗಲೇ ಎಲ್ಲ ಕೋಶಗಳೂ ಹೀಗೆಯೇ ಎಂದು ಘೋಷಿಸಲಿಲ್ಲ. ಮುಂದಿನ ಹತ್ತು ವರ್ಷ ನೋಡುತ್ತಲೇ ಇದ್ದ. ನನಗೆ ರೇಮಾಕ್ ಇಷ್ಟವಾಗುವುದು ಈ ಹತ್ತು ವರ್ಷಗಳಿಗಾಗಿ. ಮೊಟ್ಟೆಯಿಂದ ಶುರುಮಾಡಿ ಮರಿ ಆಗುವವರೆಗೆ ಎಲ್ಲಿಯಾದರೂ ಒಂದೇ ಒಂದು ಕೋಶ ದ್ರವದಿಂದ ತಾನಾಗಿ ಮೂಡುತ್ತದೆಯೇ ಎಂದು ಹುಡುಕುವುದು ಅವನ ಕೆಲಸವಾಗಿತ್ತು. ಇದಕ್ಕೆ ಒಳ್ಳೆಯ ವಸ್ತು ಕಪ್ಪೆಯ ಮೊಟ್ಟೆ. ಫಲಿತವಾದ ಕಪ್ಪೆ ಮೊಟ್ಟೆಯ ಮೇಲೆ ಸೀಳುಗೆರೆಗಳು ಬಿದ್ದು ಅದು ಎರಡು, ನಾಲ್ಕು, ಎಂಟು ಹೋಳಾಗುವುದನ್ನು ಪ್ರೆವೊ ಮತ್ತು ಡ್ಯೂಮಾ 1824ರಲ್ಲೇ ವಿವರಿಸಿದ್ದರು. ಬರಿಗಣ್ಣಿಗೂ ಕಾಣುವ ಸಂಗತಿ ಅದು. ಮಳೆಗಾಲದಲ್ಲಿ ಹೊಂಡದ ನೀರಿನ ಮೊಟ್ಟೆಗಳನ್ನು ತಾಳ್ಮೆಯಿಂದ ನೋಡಿದರೆ ನಮ್ಮ ಊರುಗಳಲ್ಲೂ ಕಾಣುತ್ತದೆ. ಪ್ರಶ್ನೆ ಬೇರೆ ಇತ್ತು: ಆ ಹೋಳುಗಳು ಕೋಶಗಳೇ, ಅಥವಾ ಬರಿಯ ಮುದ್ದೆಯ ತುಂಡುಗಳೇ? ಅವುಗಳ ಸುತ್ತ ಪೊರೆ ಇದೆಯೇ? ಕಪ್ಪೆ ಮೊಟ್ಟೆ ಕಪ್ಪಗೆ, ಮೆತ್ತಗೆ, ಮುಟ್ಟಿದರೆ ಕಲಸಿಹೋಗುವಂಥದ್ದು. ರೇಮಾಕ್ ಅದನ್ನು ರಾಸಾಯನಿಕಗಳಲ್ಲಿ ನೆನೆಸಿ ಗಟ್ಟಿಮಾಡುವ ಉಪಾಯ ಹುಡುಕಿದ. ಗಟ್ಟಿಯಾದ ಮೇಲೆ ಪೊರೆ ಕಾಣಿಸಿತು. ಮೊಟ್ಟೆಯೇ ಒಂದು ಕೋಶ, ಅದರ ಹೋಳುಗಳೂ ಕೋಶಗಳು, ಅವೇ ಮತ್ತೆ ಮತ್ತೆ ಒಡೆದು ಭ್ರೂಣದ ಚರ್ಮ, ಸ್ನಾಯು, ಕರುಳು ಎಲ್ಲವೂ ಆಗುತ್ತವೆ. ಎಲ್ಲಿಯೂ ಸರಪಳಿ ಕಡಿಯಲಿಲ್ಲ. ಭ್ರೂಣದಲ್ಲಿ ಮೊದಲು ಮೂರು ಪದರಗಳು ಮೂಡುತ್ತವೆ, ಹೊರಪದರ, ನಡುಪದರ, ಒಳಪದರ, ಎಂದು ಇಂದು ಭ್ರೂಣಶಾಸ್ತ್ರ ಕಲಿಸುವುದೂ ರೇಮಾಕ್‌ನ ಇದೇ ಕೆಲಸದ ಫಲ.

ಹೊರಗೆ ಅವನ ಬದುಕು ಏನಾಗಿತ್ತು? 1843ರಲ್ಲಿ ಪಾಠ ಹೇಳಲು ಅವಕಾಶ ಕೋರಿ ನೇರವಾಗಿ ದೊರೆ ನಾಲ್ಕನೆಯ ಫ್ರೆಡರಿಕ್ ವಿಲ್ಹೆಲ್ಮ್‌ಗೆ ಅರ್ಜಿ ಹಾಕಿದ. ಅವನ ಪರವಾಗಿ ಮಾತಾಡಿದ್ದು ಯುರೋಪಿನ ಅತಿ ದೊಡ್ಡ ವಿಜ್ಞಾನಿ ಎನಿಸಿದ್ದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಅರ್ಜಿ ತಿರಸ್ಕೃತವಾಯಿತು. 1847ರಲ್ಲಿ ಕೊನೆಗೂ ಅನುಮತಿ ಸಿಕ್ಕಿತು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಮತಾಂತರವಾಗದೆ ಪಾಠದ ಹಕ್ಕು ಪಡೆದ ಮೊದಲ ಯಹೂದಿ ಅವನು. ಸಿಕ್ಕ ಸ್ಥಾನ 'ಪ್ರಿವಾಟ್‌ಡೊಜೆಂಟ್'. ಹೆಸರು ದೊಡ್ಡದು, ಸರ್ಕಾರದ ಸಂಬಳ ಇಲ್ಲ. ಪಾಠಕ್ಕೆ ಬಂದ ವಿದ್ಯಾರ್ಥಿಗಳು ಕೊಟ್ಟ ಶುಲ್ಕವೇ ಗಳಿಕೆ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಈ ಸ್ಥಾನವನ್ನು ನಾನು ವಿವರಿಸಬೇಕಿಲ್ಲ.

1852ರಲ್ಲಿ ರೇಮಾಕ್ ತನ್ನ ತೀರ್ಮಾನವನ್ನು ಮ್ಯುಲರ್‌ನ ಪತ್ರಿಕೆಯಲ್ಲಿ ಪ್ರಕಟಿಸಿದ. ಕೋಶಗಳ ಹೊರಗೆ ಕೋಶ ಹುಟ್ಟುತ್ತದೆ ಎಂಬುದು, ಜೀವಿಗಳು ಕಸದಿಂದ ತಾವಾಗಿ ಹುಟ್ಟುತ್ತವೆ ಎಂಬುದರಷ್ಟೇ ನಂಬಲು ಕಷ್ಟ ಎಂಬುದು ಅವನ ವಾದದ ತಿರುಳು. ಪಾಶ್ಚರ್ ತನ್ನ ಬಾಗಿದ ಕತ್ತಿನ ಸೀಸೆಗಳಿಂದ ಸ್ವಯಂಜನನದ ನಂಬಿಕೆಗೆ ಪೆಟ್ಟು ಕೊಟ್ಟದ್ದು 1860ರ ಆಸುಪಾಸು. ಅದಕ್ಕೂ ಮೊದಲೇ ಬಂದ ಮಾತು ಇದು. 1855ರಲ್ಲಿ ಕಶೇರುಕಗಳ ಬೆಳವಣಿಗೆಯ ಕುರಿತ ಅವನ ದೊಡ್ಡ ಗ್ರಂಥ ಮುಗಿಯಿತು.

ಅದೇ 1855ರಲ್ಲಿ ರುಡಾಲ್ಫ್ ವಿರ್ಶೋ ತನ್ನದೇ ಪತ್ರಿಕೆಯಲ್ಲಿ 'ಕೋಶ ರೋಗಶಾಸ್ತ್ರ' ಎಂಬ ಲೇಖನ ಬರೆದು, ಎಲ್ಲ ಕೋಶಗಳೂ ಕೋಶದಿಂದಲೇ ಎಂಬ ಲ್ಯಾಟಿನ್ ಸೂತ್ರವನ್ನು ಮುಂದಿಟ್ಟ. ಓಮ್ನಿಸ್ ಸೆಲ್ಯುಲಾ ಎ ಸೆಲ್ಯುಲಾ. ನಾಲ್ಕು ಪದ. ನಾಲಿಗೆಗೆ ಹತ್ತಿಬಿಡುವಂಥದ್ದು. ಕೆಲವೇ ವರ್ಷಗಳ ಹಿಂದೆ ವಿರ್ಶೋ ಕೂಡ ದ್ರವದಿಂದ ಕೋಶ ಹುಟ್ಟುತ್ತದೆ ಎನ್ನುವ ಪಕ್ಷದಲ್ಲೇ ಇದ್ದವನು. ಈಗ ಪಕ್ಷ ಬದಲಿಸಿದ. ಬದಲಿಸಲು ಕಾರಣವಾದ ಕೆಲಸಕ್ಕೆ ಸಲ್ಲಬೇಕಾದ ಋಣವನ್ನು ಮಾತ್ರ ಸಲ್ಲಿಸಲಿಲ್ಲ. ರೇಮಾಕ್ ಸುಮ್ಮನಿರಲಿಲ್ಲ. ಭ್ರೂಣಶಾಸ್ತ್ರದ ಗಂಧವಿಲ್ಲದೆ ಈ ಮಾತನ್ನು ನಿಮ್ಮದೆಂಬಂತೆ ಹೇಳಿದ್ದೀರಿ, ನನ್ನ ಪಾಲನ್ನು ಒಪ್ಪಿಕೊಳ್ಳಿ ಎಂಬ ಅರ್ಥದ ಕಟುವಾದ ಪತ್ರವನ್ನೇ ವಿರ್ಶೋಗೆ ಬರೆದ. ಆಕ್ಸ್‌ಫರ್ಡಿನ ಕೋಶವಿಜ್ಞಾನಿ ಹೆನ್ರಿ ಹ್ಯಾರಿಸ್ 1999ರಲ್ಲಿ ಜೀವಕೋಶದ ಹುಟ್ಟಿನ ಇತಿಹಾಸ ಬರೆದಾಗ ಈ ಜಗಳವನ್ನು ಬಿಡಿಸಿ ಇಟ್ಟಿದ್ದಾನೆ. ಅವನ ಸಹಾನುಭೂತಿ ಯಾರ ಕಡೆಗೆ ಎಂಬುದರಲ್ಲಿ ಗುಟ್ಟೇನಿಲ್ಲ.

ಇಲ್ಲಿ ವಿರ್ಶೋನನ್ನು ಖಳನಾಯಕ ಮಾಡಿಬಿಟ್ಟರೆ ಲೇಖನ ರುಚಿಯಾಗುತ್ತದೆ. ಆದರೆ ಅದು ನ್ಯಾಯವಲ್ಲ. 1848ರಲ್ಲಿ ಮೇಲಿನ ಸೈಲೀಸಿಯದಲ್ಲಿ ಟೈಫಸ್ ಹಬ್ಬಿ ಪೋಲಿಷ್ ಮಾತಾಡುವ ಬಡವರು ಸಾಯುತ್ತಿದ್ದಾಗ, ಸರ್ಕಾರ ತನಿಖೆಗೆ ಕಳಿಸಿದ ಈ ಯುವ ವೈದ್ಯ ಔಷಧಿಯ ಪಟ್ಟಿ ಕೊಡಲಿಲ್ಲ. ಇವರಿಗೆ ಬೇಕಾದದ್ದು ಶಿಕ್ಷಣ, ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಎಂದು ವರದಿ ಬರೆದ. ಅದೇ ವರ್ಷದ ಕ್ರಾಂತಿಯಲ್ಲಿ ಬರ್ಲಿನ್ನಿನ ಬೀದಿಗಿಳಿದ. ಮುಂದೆ ಬಿಸ್ಮಾರ್ಕ್‌ನ ಕಟ್ಟಾ ವಿರೋಧಿಯಾದ. ಯಹೂದಿ ದ್ವೇಷದ ವಿರುದ್ಧವೂ ನಿಂತ. 1870ರ ದಶಕದಲ್ಲಿ ಜರ್ಮನಿಯ ಸುಮಾರು 67 ಲಕ್ಷ ಶಾಲಾಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣ ಲೆಕ್ಕಹಾಕಿಸಿ, ಶುದ್ಧ ಜರ್ಮನ್ ತಳಿ ಎಂಬುದು ಎಲ್ಲಿಯೂ ಇಲ್ಲ ಎಂದು ತೋರಿಸಿದ. ಯಹೂದಿ ಮಕ್ಕಳಲ್ಲೇ ಶೇಕಡ 11ರಷ್ಟು ಹೊಂಬಣ್ಣದ ಕೂದಲು, ನೀಲಿ ಕಣ್ಣಿನವರಿದ್ದರು. ಇಂಥ ಮನುಷ್ಯ ತನ್ನ ಪಕ್ಕದ ಮೇಜಿನವನ ಹೆಸರು ಬರೆಯಲು ಮರೆತ, ಅಥವಾ ಬೇಡವೆಂದುಕೊಂಡ. ಎರಡೂ ಒಬ್ಬನೇ ಮನುಷ್ಯ ಎಂದು ಒಪ್ಪಿಕೊಳ್ಳುವುದು ಬಿಟ್ಟು ನನಗೆ ಬೇರೆ ದಾರಿ ಕಂಡಿಲ್ಲ.

ವಿರ್ಶೋ ಆ ಸೂತ್ರಕ್ಕೆ ತನ್ನದೇ ಆದ ತೂಕವನ್ನೂ ಸೇರಿಸಿದ. ಆಗಿನ ವೈದ್ಯಶಾಸ್ತ್ರದಲ್ಲಿ ವಿಯೆನ್ನಾದ ರೊಕಿಟಾನ್‌ಸ್ಕಿಯ ಮಾತು ನಡೆಯುತ್ತಿತ್ತು: ರಕ್ತ ಕೆಟ್ಟು, ಅದರಿಂದ ಒಸರಿದ ದ್ರವದಲ್ಲಿ ಕೀವಿನ ಕೋಶ, ಗಡ್ಡೆಯ ಕೋಶಗಳು ಮೂಡುತ್ತವೆ ಎಂದು. ಕೋಶದಿಂದಲೇ ಕೋಶ ಎಂದಾದರೆ ಇದೆಲ್ಲ ಕುಸಿಯಿತು. ಕ್ಯಾನ್ಸರ್ ಗಡ್ಡೆಯೂ ನಮ್ಮದೇ ದೇಹದ ಯಾವುದೋ ಕೋಶದ ಸಂತಾನ, ಹೊರಗಿನಿಂದ ಬಂದದ್ದಲ್ಲ, ಕೆಟ್ಟ ರಕ್ತದ ಕೆಸರಿನಿಂದ ಎದ್ದದ್ದೂ ಅಲ್ಲ. ವಿರ್ಶೋನ 1858ರ ಉಪನ್ಯಾಸಗಳ ಪುಸ್ತಕ ವೈದ್ಯರು ರೋಗವನ್ನು ನೋಡುವ ಬಗೆಯನ್ನೇ ಬದಲಿಸಿತು. ಆದರೆ ಗಡ್ಡೆಗಳ ಈ ಮಾತನ್ನೂ ರೇಮಾಕ್ 1854ರಲ್ಲೇ ಬರೆದಿದ್ದ ಎಂಬುದನ್ನು ಇಲ್ಲಿ ಸೇರಿಸಲೇಬೇಕು.

1856ರಲ್ಲಿ ವಿರ್ಶೋ ಬರ್ಲಿನ್ನಿಗೆ ಪೂರ್ಣ ಪ್ರೊಫೆಸರ್ ಆಗಿ ಬಂದ, ಅವನಿಗಾಗಿ ಹೊಸ ಸಂಸ್ಥೆಯೇ ಎದ್ದಿತು. ರೇಮಾಕ್‌ಗೆ 1859ರಲ್ಲಿ ಸಹಾಯಕ ಪ್ರೊಫೆಸರ್ ಎಂಬ ಪದವಿ ಸಿಕ್ಕಿತು, ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಅವನು ಕೋಶಗಳನ್ನು ಬಿಟ್ಟು ನರರೋಗಗಳಿಗೆ ವಿದ್ಯುತ್ ಚಿಕಿತ್ಸೆ ಕೊಡುವ ಕಡೆಗೆ ಹೊರಳಿದ್ದ. ಆ ಕುರಿತೂ ಒಂದು ಪುಸ್ತಕ ಬರೆದ. 1865ರ ಆಗಸ್ಟ್ 29ರಂದು ಕಿಸ್ಸಿಂಗೆನ್‌ನಲ್ಲಿ ತೀರಿಕೊಂಡ. ವಯಸ್ಸು ಐವತ್ತು.

ರೇಮಾಕ್ ಎಲ್ಲವನ್ನೂ ಸರಿಯಾಗಿ ಕಂಡಿದ್ದ ಎಂದೇನೂ ಅಲ್ಲ. ಅವನ ಪ್ರಕಾರ ಮೊದಲು ಕೋಶಕೇಂದ್ರದೊಳಗಿನ ಪುಟ್ಟ ಚುಕ್ಕೆ ಎರಡಾಗುತ್ತದೆ, ಆಮೇಲೆ ಕೇಂದ್ರ ನಡುವೆ ಚಿವುಟಿದ ಹಾಗೆ ಎರಡಾಗುತ್ತದೆ, ಕೊನೆಗೆ ಕೋಶ. ರೊಟ್ಟಿ ಹಿಟ್ಟಿನ ಮುದ್ದೆಯನ್ನು ಎರಡಾಗಿ ಮುರಿದಂತೆ. ಕೇಂದ್ರದೊಳಗೆ ನಡೆಯುವ ನಾಟಕ ಅವನಿಗೆ ಕಾಣುವಂತಿರಲಿಲ್ಲ. ಅಲ್ಲಿರುವ ವಸ್ತುವೆಲ್ಲ ಪಾರದರ್ಶಕ, ಅದಕ್ಕೆ ಬಣ್ಣ ಹಾಕಬೇಕಿತ್ತು.

ಬಣ್ಣ ಬಂದದ್ದು ಕಲ್ಲಿದ್ದಲಿನ ಡಾಂಬರಿನಿಂದ. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ತಯಾರಿಸಿಬಿಟ್ಟ. ಅಲ್ಲಿಂದ ಹುಟ್ಟಿದ ಕೃತಕ ಬಣ್ಣಗಳ ಉದ್ಯಮ ಬಟ್ಟೆಗೆಂದು ಮಾಡಿದ ಬಣ್ಣಗಳು ಪ್ರಯೋಗಾಲಯಕ್ಕೂ ಹರಿದುಬಂದವು. ಜರ್ಮನಿಯ ಕೀಲ್ ನಗರದಲ್ಲಿ ವಾಲ್ಟರ್ ಫ್ಲೆಮಿಂಗ್ ಅವುಗಳನ್ನು ಸಾಲಮಾಂಡರ್ ಎಂಬ ಹಲ್ಲಿಯಾಕಾರದ ಉಭಯಚರದ ಮರಿಗಳ ಮೇಲೆ ಪ್ರಯೋಗಿಸಿದ. ಸಾಲಮಾಂಡರ್‌ನ ಕೋಶಗಳು ದೊಡ್ಡವು, ಕೇಂದ್ರಗಳೂ ದೊಡ್ಡವು, ನೋಡಲು ಅನುಕೂಲ. ಕೇಂದ್ರದೊಳಗೆ ಬಣ್ಣ ಹೀರುವ ವಸ್ತುವಿಗೆ 'ಕ್ರೊಮ್ಯಾಟಿನ್' ಎಂದ. ಕೋಶ ಒಡೆಯುವ ಮುನ್ನ ಅದು ದಾರಗಳಾಗುತ್ತದೆ, ದಾರಗಳು ದಪ್ಪನಾಗಿ ನಡುವೆ ಸಾಲುಗಟ್ಟುತ್ತವೆ, ಆಮೇಲೆ ಎರಡು ಗುಂಪಾಗಿ ಎರಡು ತುದಿಗೆ ಸರಿಯುತ್ತವೆ. ಮುಖ್ಯವಾದ ಸಂಗತಿ ಎಂದರೆ ಪ್ರತಿ ದಾರವೂ ಉದ್ದುದ್ದಕ್ಕೆ ಸೀಳುತ್ತದೆ. ಅಡ್ಡಕ್ಕೆ ಕತ್ತರಿಸಿದ್ದರೆ ಒಬ್ಬನಿಗೆ ತಲೆ, ಒಬ್ಬನಿಗೆ ಬಾಲ. ಉದ್ದಕ್ಕೆ ಸೀಳಿದರೆ ಇಬ್ಬರಿಗೂ ಪೂರ್ತಿ ದಾರ. ಆಸ್ತಿ ಪಾಲಿನಲ್ಲಿ ಇಷ್ಟು ಕರಾರುವಾಕ್ಕಾದ ನ್ಯಾಯ ಮನುಷ್ಯರಲ್ಲಿ ಕಾಣುವುದು ಅಪರೂಪ. ಇಷ್ಟು ಕಷ್ಟಪಟ್ಟು ಹಂಚುತ್ತಿದೆ ಎಂದರೆ ಆ ದಾರದ ಉದ್ದಕ್ಕೂ ಬೇರೆ ಬೇರೆ ಗುಣಗಳು ಜೋಡಣೆಯಾಗಿರಬೇಕು ಎಂದು ವಿಲ್ಹೆಲ್ಮ್ ರೂ ಎಂಬವನು 1883ರಲ್ಲಿ ತರ್ಕಿಸಿದ. ಮೆಂಡಲ್‌ನ ಬಟಾಣಿ ಲೇಖನ ಆಗ ಯಾರೂ ಗಮನಿಸದೆ ಬಿದ್ದಿತ್ತು.

ಫ್ಲೆಮಿಂಗ್ 1882ರ ತನ್ನ ಪುಸ್ತಕದಲ್ಲಿ, ವಿರ್ಶೋನ ಸೂತ್ರವನ್ನು ಒಂದು ಮೆಟ್ಟಿಲು ಒಳಗಿಳಿಸಿ, ಎಲ್ಲ ಕೇಂದ್ರಗಳೂ ಕೇಂದ್ರದಿಂದಲೇ ಎಂದು ಬರೆದ. ಈ ವಿಭಜನೆಗೆ ದಾರ ಎಂಬರ್ಥದ ಗ್ರೀಕ್ ಪದದಿಂದ 'ಮೈಟೋಸಿಸ್' ಎಂದು ಹೆಸರು ಕಟ್ಟಿದ. 1888ರಲ್ಲಿ ವಾಲ್ಡೆಯರ್ ಆ ದಾರಗಳಿಗೆ 'ಕ್ರೋಮೋಸೋಮ್' ಎಂದ. ಅದರ ಅರ್ಥ ಬಣ್ಣದ ಕಾಯ. ನಮ್ಮವರು ಅದನ್ನು ಕನ್ನಡಕ್ಕೆ ತರುವಾಗ 'ವರ್ಣತಂತು' ಎಂದರು. ವಾಲ್ಡೆಯರ್‌ನ ಬಣ್ಣ, ಫ್ಲೆಮಿಂಗ್‌ನ ದಾರ ಎರಡೂ ಒಂದೇ ಪದದಲ್ಲಿ ಕೂತಿವೆ. ಇಂಗ್ಲಿಷ್ ಪದಕ್ಕಿಂತ ನಮ್ಮ ಪದವೇ ಇತಿಹಾಸಕ್ಕೆ ಹೆಚ್ಚು ನಿಷ್ಠವಾಗಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಈರುಳ್ಳಿ ಬೇರಿನ ತುದಿಯನ್ನು ಬಣ್ಣದಲ್ಲಿ ಬಿಸಿಮಾಡಿ, ಗಾಜಿನ ಪಟ್ಟಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ, ಆ ದಾರಗಳನ್ನು ಹುಡುಕಿದವರಿಗೆ ಈ ಪದದ ಸೊಗಸು ಗೊತ್ತಾಗುತ್ತದೆ.

ಈಗ ಮತ್ತೆ ನಮ್ಮ ಪಠ್ಯಪುಸ್ತಕದ ಆ ಪ್ಯಾರಾ. ಅದರಲ್ಲಿ ಇನ್ನೊಂದು ಸಾಲಿಗೆ ಜಾಗ ಮಾಡುವುದು ಕಷ್ಟವಲ್ಲ. ಪರೀಕ್ಷೆಗೆ ನಾಲ್ಕನೆಯ ಹೆಸರು ನೆನಪಿಡುವ ಹೊರೆ ಮಕ್ಕಳಿಗೆ ಬೇಡ ಎನ್ನುವವರಿದ್ದಾರೆ. ನನಗಂತೂ ಹೆಸರಿಗಿಂತ ಹೆಚ್ಚಾಗಿ ಬೇಕಾದದ್ದು ಆ ಹತ್ತು ವರ್ಷಗಳ ನೋಟ. ಶ್ವಾನ್ ತಪ್ಪಿದ್ದ, ಅವನ ತಪ್ಪಿಗೆ ಒಳ್ಳೆಯ ಕಾರಣವಿತ್ತು, ಅದನ್ನು ಒಡೆಯಲು ಕೋಳಿ ಮೊಟ್ಟೆ ಕಪ್ಪೆ ಮೊಟ್ಟೆಗಳ ಮುಂದೆ ಒಬ್ಬ ಇಷ್ಟು ವರ್ಷ ಕೂರಬೇಕಾಯಿತು ಎಂಬುದನ್ನು ತಿಳಿದ ವಿದ್ಯಾರ್ಥಿಗೆ ಕೋಶ ಸಿದ್ಧಾಂತ ಬಾಯಿಪಾಠದ ಮೂರು ಇಸವಿಗಳಾಗಿ ಉಳಿಯುವುದಿಲ್ಲ.

ರೇಮಾಕ್‌ನ ಮಗ ಎರ್ನ್ಸ್ಟ್ ತಂದೆಯ ಹಾಗೆ ನರರೋಗ ತಜ್ಞನಾದ. 1888ರಲ್ಲಿ ಹುಟ್ಟಿದ ಮೊಮ್ಮಗನಿಗೆ ತಾತನ ಹೆಸರನ್ನೇ ಇಟ್ಟರು. ಈ ಎರಡನೆಯ ರಾಬರ್ಟ್ ರೇಮಾಕ್ ಗಣಿತಜ್ಞ. 1911ರ ತನ್ನ ಪ್ರಬಂಧದಲ್ಲಿ ಆತ ಕೈಹಾಕಿದ್ದು ಒಂದು ಗಣಿತ ಸಮೂಹವನ್ನು ಮುಂದೆ ಒಡೆಯಲು ಆಗದ ಭಾಗಗಳಾಗಿ ಒಡೆಯುವ ಪ್ರಶ್ನೆಗೆ. ಹಾಗೆ ಒಡೆಯುವ ಬಗೆ ಮೂಲತಃ ಒಂದೇ ಎಂಬ ಪ್ರಮೇಯಕ್ಕೆ ಇಂದು ಇತರರ ಹೆಸರಿನ ಜೊತೆ ರೇಮಾಕ್ ಹೆಸರೂ ಇದೆ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕು ಅವನಿಗೆ ಸಿಕ್ಕಿದ್ದು 1929ರಲ್ಲಿ, ನಲವತ್ತು ದಾಟಿದ ಮೇಲೆ. 1933ರಲ್ಲಿ ಹಿಟ್ಲರನ ಸರ್ಕಾರ ಬಂದು ಅದನ್ನು ಕಸಿದುಕೊಂಡಿತು. ತಾತ 1847ರಲ್ಲಿ ಪಡೆದಿದ್ದ ಹಕ್ಕೇ ಅದು. 1938ರ ನವೆಂಬರಿನಲ್ಲಿ ಅವನನ್ನು ಬಂಧಿಸಿ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ಒಯ್ದರು. ಅಲ್ಲಿಂದ ಬಿಡುಗಡೆಯಾಗಿ ಆಮ್‌ಸ್ಟರ್‌ಡಾಮ್ ಸೇರಿದ. ಅಲ್ಲಿ ಮತ್ತೆ ಸಿಕ್ಕಿಬಿದ್ದ, 1942ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಲಾಯಿತು.